ಒಂದೇ ಕಿಸೆಯಲ್ಲಿ ಎರಡು ಕರೆಗಂಟೆ

ಶರಣರ ಚರಿತ್ರೆ, ಮಠಮಾನ್ಯಗಳ ವೃತ್ತಾಂತ, ವಧೂವರರ ವಿವರ, ಸಮಾಜದ ಮಕ್ಕಳ ಸಾಧನೆಯ ಸುದ್ದಿಗಳು ಅಚ್ಚಾಗುವ ಈ ಪುಟಗಳಲ್ಲಿ ಒಬ್ಬ ದಲಾಲಿ ವ್ಯಾಪಾರಿಯು ತಾನು ಮೊಬೈಲು ಕೊಂಡ ಕಥೆಯನ್ನು ಹೇಳಲು ಹೊರಟಿರುವನಲ್ಲ ಎಂದು ವಾಚಕ ಬಂಧುಗಳು ಮುಗುಳ್ನಕ್ಕರೆ ಅದು ಸಹಜವೇ. ನನ್ನ ಶ್ರೀಮತಿಯೂ ಹಾಗೆಯೇ ನಕ್ಕಳು. ಆದರೆ ಈ ಅಲ್ಪ ವಸ್ತುವಿನ ಆಯ್ಕೆಗಾಗಿ ನಾನು ಪಟ್ಟ ಪಾಡು, ಅದರ ಹಿಂದಿದ್ದ ಒಂದು ರಾತ್ರಿಯ ನೋವು, ಇವೆರಡನ್ನೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ನಮ್ಮ ಸಮಾಜದಲ್ಲಿ ಅಂಗಡಿಯನ್ನೂ ಮನೆಯನ್ನೂ ಒಂದೇ ಹೆಗಲ ಮೇಲೆ ಹೊತ್ತ ಕುಟುಂಬಗಳು ಬಹಳ. ಅವರಲ್ಲಿ ಕೆಲವರಿಗಾದರೂ ಇದು ತಮ್ಮದೇ ಮಾತು ಎನ್ನಿಸೀತು.

ನಮ್ಮದು ಬ್ಯಾಡಗಿಯಲ್ಲಿ ಮೂರು ತಲೆಮಾರಿನ ಮೆಣಸಿನಕಾಯಿ ದಲಾಲಿ ಅಂಗಡಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಮೇಲೆ ದೇಶಕ್ಕೆಲ್ಲ ನಮ್ಮ ಊರಿನ ಹೆಸರು ತಿಳಿಯಿತೆಂದು ಹೇಳುವವರುಂಟು. ಅದಕ್ಕೂ ಬಹಳ ಮೊದಲೇ ನಮ್ಮ ಅಜ್ಜನವರ ಕಾಲದಲ್ಲಿ ಕುಂದಗೋಳ, ಶಿಗ್ಗಾಂವಿ, ಗದಗಿನ ಕಡೆಯಿಂದ ಎತ್ತಿನ ಬಂಡಿಗಳು ಬಂದು ಇಲ್ಲಿ ಇಳಿಯುತ್ತಿದ್ದವು. ಹಂಗಾಮಿನಲ್ಲಿ ಸೋಮವಾರ, ಗುರುವಾರಗಳ ಪೇಟೆಯೆಂದರೆ ಕಣ್ಣು, ಮೂಗು, ಗಂಟಲು ಮೂರೂ ಉರಿಯುವ ದಿನಗಳು. ಆ ಉರಿಯಲ್ಲಿಯೇ ಹುಟ್ಟಿ ಬೆಳೆದವನು ನಾನು.

ಪೂಜ್ಯ ತಂದೆಯವರ ಕಾಲದಲ್ಲಿ ದೂರವಾಣಿಯೆಂಬುದು ಅಂಗಡಿಯಲ್ಲಿ ಗಾದಿಯ ಪಕ್ಕದ ಕಪಾಟಿನ ಮೇಲೆ ಕುಳಿತಿದ್ದ ಒಂದು ಕರಿಯ ವಸ್ತು. ಗುಂಟೂರಿಗೋ ಮುಂಬಯಿಗೋ ಮಾತಾಡಬೇಕಾದರೆ ಮೊದಲು ಟ್ರಂಕ್ ಕಾಲ್ ಬರೆಸಬೇಕು. ಅವಸರವಿದ್ದರೆ ಅರ್ಜೆಂಟ್, ಅದಕ್ಕೂ ಅವಸರವಿದ್ದರೆ ಹೆಚ್ಚಿನ ದುಡ್ಡು ತೆತ್ತು ಲೈಟನಿಂಗ್. ಸಂಜೆ ಎಂಟಕ್ಕೆ ಬಾಗಿಲು ಹಾಕಿದರೆ ಮುಗಿಯಿತು. ಆಮೇಲೆ ಅದು ಬಾರಿಸಿದರೂ ಗಲ್ಲಾಪೆಟ್ಟಿಗೆಯ ಮುಂದಿನ ದೀಪಕ್ಕೆ ಮಾತ್ರ ಕೇಳಬೇಕು. ಅಂಗಡಿಗೂ ಮನೆಗೂ ನಡುವೆ ಇದ್ದ ಗಡಿಯನ್ನು ಯಾರೂ ಯೋಚಿಸಿ ಹಾಕಿದ್ದಲ್ಲ. ಒಂದು ಕಲ್ಲಿನ ಗೋಡೆಯೂ ಒಂದು ಹಿತ್ತಾಳೆಯ ಕೀಲಿಯೂ ಆ ಕೆಲಸವನ್ನು ತಾವಾಗಿಯೇ ಮಾಡುತ್ತಿದ್ದವು. ಮನೆಗೆ ಫೋನು ಹಾಕಿಸೋಣವೆಂದು ನಾನು ಹಟ ಹಿಡಿದಾಗ ತಂದೆಯವರು, "ಗಿರಾಕಿಗೆ ಅಂಗಡಿ ಐತಿ, ಬೀಗರಿಗೆ ಕಾಗದ ಐತಿ, ಮನಿಗೆ ಯಾಕ ಗಂಟಿ?" ಎಂದಿದ್ದರು.

ಭಾರತದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಆಗ ಬಂದ ಕರೆಗೂ ದುಡ್ಡು ಕೊಡಬೇಕಾಗಿದ್ದುದರಿಂದ ನಮ್ಮಂಥವರು ಅದರ ಹತ್ತಿರ ಸುಳಿಯಲಿಲ್ಲ. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಆ ವರ್ಷವೇ ನಾನೂ ಒಂದನ್ನು ಕೊಂಡೆ. ಕೊಂಡ ದಿನವೇ ಆ ಗೋಡೆ ಬಿದ್ದಿತೆಂದು ಈಗ ತಿಳಿಯುತ್ತದೆ. ಅಂದು ಹಮಾಲರಿಗೆಲ್ಲ ಪೇಡೆ ಹಂಚಿದ್ದೆ.

ಆ ಸಂಖ್ಯೆಯನ್ನು ರೈತರಿಗೆ ಕೊಡುವ ಪಟ್ಟಿಯ ಮೇಲೆ ಅಚ್ಚು ಹಾಕಿಸಿದೆ, ಅಂಗಡಿಯ ಫಲಕದ ಮೇಲೆ ಬರೆಸಿದೆ. ಹಂಗಾಮು ಬಂದಿತೆಂದರೆ ನಸುಕಿನ ಐದಕ್ಕೆ ಆರಂಭ: "ಸಾವಕಾರ್ರ, ನಿನ್ನಿ ಕಡ್ಡಿ ಏನ್ ಹೋತ್ರಿ? ಡಬ್ಬಿಗೆ ರೇಟ್ ಐತೇನ್ರಿ?" ಇಷ್ಟಲಿಂಗಪೂಜೆಗೆ ಕುಳಿತಾಗ ವಿಭೂತಿಯ ಪಕ್ಕದಲ್ಲಿ ಅದು ಗುರುಗುಟ್ಟುತ್ತಿತ್ತು. ಎದುರಿನ ಕೋಣೆಯಲ್ಲಿಡು ಎಂದು ಅವ್ವ ಹೇಳಿದಳು. ಇಟ್ಟೆ. ಆದರೆ ಅಂಗೈಯಲ್ಲಿ ಲಿಂಗವಿದ್ದಾಗಲೂ ಕಿವಿ ಎದುರಿನ ಕೋಣೆಯಲ್ಲಿಯೇ ಇರುತ್ತಿತ್ತೆಂಬುದನ್ನು ಮರೆಮಾಚಿ ಫಲವೇನು?

ಗೋಡೆಯನ್ನು ಮರಳಿ ಕಟ್ಟುವ ಪ್ರಯತ್ನವನ್ನು ನಾನು ಮಾಡಲಿಲ್ಲವೆಂದಲ್ಲ. ಕೆಲವು ವರ್ಷ ಎರಡು ಫೋನುಗಳನ್ನು ಇಟ್ಟುಕೊಂಡೆ. ಅಂಗಿಯ ಕಿಸೆಯಲ್ಲಿ ಒಂದು, ಸೊಂಟದ ಚೀಲದಲ್ಲಿ ಒಂದು. ಎರಡು ಚಾರ್ಜರು, ಎರಡು ಚಿಂತೆ. ಪ್ರತಿ ಮೂರನೆಯ ದಿನ ಒಂದನ್ನು ಮರೆತು ಬರುವುದು. ಎರಡು ಸಿಮ್ಮುಗಳನ್ನು ಒಂದೇ ಒಡಲಲ್ಲಿ ಇರಿಸುವ ಫೋನನ್ನು ಫಿನ್‌ಲೆಂಡಿನ ಬೆನೆಫಾನ್ ಎಂಬ ಕಂಪನಿಯು 2000ದಷ್ಟು ಹಿಂದೆಯೇ ಮಾಡಿತ್ತಂತೆ. ನಮ್ಮ ಪೇಟೆಗೆ ಆ ಬಗೆಯ ಯಂತ್ರಗಳು ಬಂದದ್ದು ಅದಕ್ಕೆ ಏಳೆಂಟು ವರ್ಷ ತಡವಾಗಿ, ಹೆಸರಿಲ್ಲದ ಚೀನೀ ಫೋನುಗಳ ರೂಪದಲ್ಲಿ. ನಾನೂ ಒಂದನ್ನು ತಂದೆ. ಜಾತ್ರೆಯ ಧ್ವನಿವರ್ಧಕದಂತೆ ಅದು ಕೂಗುತ್ತಿತ್ತು. ಪ್ರತಿಯೊಂದು ಫೋನಿಗೂ ಇರಬೇಕಾದ ಐ.ಎಂ.ಇ.ಐ. ಎಂಬ ಗುರುತಿನ ಸಂಖ್ಯೆ ಅದಕ್ಕಿರಲಿಲ್ಲ. 2009ರ ಡಿಸೆಂಬರ್ ಮೊದಲ ದಿನದಿಂದ ಅಂಥ ಫೋನುಗಳಿಗೆ ಸಂಪರ್ಕ ಕೊಡಬಾರದೆಂದು ಸರಕಾರ ಆಜ್ಞೆ ಮಾಡಿತು. ನನ್ನದು ಮಕ್ಕಳ ಆಟಿಗೆಯಾಯಿತು. ಮರುವರ್ಷ ನೋಕಿಯಾದವರು ಪ್ರಕಟಿಸಿದ ಸಿ1-00 ಎಂಬ ಮಾದರಿಯಲ್ಲಿ ಎರಡು ಸಿಮ್ಮುಗಳಿಗೆ ಜಾಗವಿದ್ದರೂ ಒಮ್ಮೆಗೆ ಒಂದು ಮಾತ್ರ ಎಚ್ಚರವಿರುತ್ತಿತ್ತು. ಗುಂಡಿ ಒತ್ತಿ ಬದಲಿಸಿಕೊಳ್ಳಬೇಕು. ಇದು ಬೇಡವೆಂದು ಮರಳಿ ಒಂದೇ ಸಂಖ್ಯೆಗೆ ಬಂದು ನಿಂತೆ. ಹೀಗೆಯೇ ಹನ್ನೆರಡು ವರ್ಷ ಕಳೆದವು.

ಈಗ ಆ ರಾತ್ರಿಯ ಮಾತು.

ತಂದೆಯವರು ಲಿಂಗೈಕ್ಯರಾದ ಮೇಲೆ ಅವ್ವ ಬ್ಯಾಡಗಿಯಲ್ಲಿ ನಿಲ್ಲಲಿಲ್ಲ. ಹಳ್ಳಿಯ ಹಳೆಯ ಮನೆ, ಹಿತ್ತಲಿನ ನುಗ್ಗೆಗಿಡ, ಎದುರು ಮನೆಯವರ ಮಾತುಕತೆ, ಇವುಗಳೇ ಆಕೆಗೆ ಬೇಕು. ಊರು ದೂರವೇನಲ್ಲ, ಮೂವತ್ತು ಕಿಲೋಮೀಟರಿನ ಒಳಗೆ. 2014ರಲ್ಲಿ ನನ್ನ ಹೆಸರಿನಲ್ಲಿಯೇ ಒಂದು ಸಿಮ್ ತೆಗೆಸಿ, ಗುಂಡಿಯ ಸಣ್ಣ ಫೋನೊಂದನ್ನು ಕೊಡಿಸಿದ್ದೆ. ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಗುಂಡಿ ಒತ್ತಿದರೆ ಮೌನ. ಇಷ್ಟು ಪಾಠ ಆಕೆಗೆ ಸಾಕಾಗಿತ್ತು. ದಿನವೂ ಸಂಜೆ ಏಳಕ್ಕೆ ಅವ್ವನ ಕರೆ ಬರುತ್ತಿತ್ತು. ಹಂಗಾಮಿನಲ್ಲಿ ನಾನು ಅದನ್ನು ಅರ್ಧ ಕೇಳಿ, "ಆಮ್ಯಾಲ ಮಾಡ್ತೇನವ್ವಾ" ಎಂದು ಇಡುತ್ತಿದ್ದೆ. ಆ ಆಮೇಲೆ ಬಹಳ ಸಲ ಬರುತ್ತಿರಲಿಲ್ಲ.

2023ರ ಮಾರ್ಚ್ ತಿಂಗಳ ಒಂದು ಗುರುವಾರ. ಮಗಳ ಕುಪ್ಪಸದ ಕಾರ್ಯಕ್ಕೆಂದು ಶ್ರೀಮತಿ ಎರಡು ದಿನ ಮೊದಲೇ ಬೆಳಗಾವಿಗೆ, ಬೀಗರ ಮನೆಗೆ ಹೋಗಿದ್ದಳು. ಪೇಟೆ ಮುಗಿಸಿಕೊಂಡು ನಾನು ಮರುದಿನ ಹೊರಡುವುದೆಂದು ಮಾತಾಗಿತ್ತು. ಅಂದು ಆವಕ ವಿಪರೀತವಾಗಿತ್ತು. ಟೆಂಡರಿನ ದರ ಒಪ್ಪದ ರೈತರು, ತೂಕಕ್ಕೆ ತಡವಾಯಿತೆಂದು ಬೇಸರಪಟ್ಟವರು, ಚೀಲ ಎಣಿಸಿ ಸಾಕಾದ ಗುಮಾಸ್ತ. ಮನೆಗೆ ಬಂದು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಒಂಬತ್ತು ಕರೆಗಳು ಬಂದವು. ಹತ್ತು ಗಂಟೆಗೆ ಫೋನನ್ನು ಪೂರ್ತಿಯಾಗಿ ಆರಿಸಿ ಮಲಗಿಬಿಟ್ಟೆ. ಹಾಗೆ ಆರಿಸಿದ್ದು ಅದೇ ಮೊದಲಲ್ಲ.

ಹನ್ನೊಂದೂವರೆಯ ಸುಮಾರಿಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಎದುರು ಮನೆಯ ಹುಡುಗ ಸಪ್ಪಳ ಕೇಳಿ ಓಡಿ ಬಂದು, ಅವ್ವನ ಫೋನಿನಿಂದಲೇ ನನಗೆ ಹನ್ನೊಂದು ಸಲ ಕರೆ ಮಾಡಿದ. ಆರಿಸಿದ ಫೋನಿಗೆ ಹನ್ನೊಂದೇನು, ನೂರೇನು. ಕೊನೆಗೆ ಅವನು ಬೆಳಗಾವಿಯಲ್ಲಿದ್ದ ನನ್ನ ಶ್ರೀಮತಿಗೆ ತಿಳಿಸಿದ. ಆಕೆ ನನಗೆ ಹಚ್ಚಿ ಸೋತು, ನಮ್ಮ ಓಣಿಯವರನ್ನು ಎಬ್ಬಿಸಿದಳು. ಅವರು ಬಂದು ನನ್ನ ಬಾಗಿಲು ಬಡಿದಾಗ ಒಂದೂಕಾಲು. ಅಷ್ಟರಲ್ಲಿ ಹಳ್ಳಿಯವರೇ ಅವ್ವನನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದ್ದರು. ಸೊಂಟದ ಮೂಳೆ ಮುರಿದಿತ್ತು. ನಾನು ಹೋಗಿ ನಿಂತಾಗ ಆಕೆಯ ಕಣ್ಣು ಬಾಗಿಲ ಕಡೆಗೇ ಇತ್ತು. ದಾರಿಯುದ್ದಕ್ಕೂ "ತಮ್ಮ ಬಂದಾನೇನು?" ಎಂದು ಕೇಳುತ್ತಿದ್ದಳೆಂದು ಆ ಹುಡುಗ ಹೇಳಿದ.

ಅವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಬ್ಯಾಡಗಿಯ ಮನೆಗೆ ಕರೆತಂದೆವು, ಮೇ ತಿಂಗಳಲ್ಲಿ ಹುಟ್ಟಿದ ಮರಿಮೊಮ್ಮಗಳನ್ನು ಮಂಚದ ಮೇಲೆ ಒರಗಿ ಕುಳಿತೇ ತೊಡೆಯ ಮೇಲೆ ಮಲಗಿಸಿಕೊಂಡಳು. ನೋಡಲು ಬಂದವರು ಅಂದಿನ ರಾತ್ರಿಯ ಸುದ್ದಿ ತೆಗೆದರೆ, "ನಮ್ಮ ತಮ್ಮಂದು ಫೋನು ಮಲಕೊಂಡಿತ್ತಂತ, ಅದಕ್ಕೂ ದಣುವು ಆಗಿರತೈತಿ" ಎನ್ನುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಅದೇ ವರ್ಷದ ನಿಜಶ್ರಾವಣದಲ್ಲಿ ಆಕೆ ಲಿಂಗೈಕ್ಯಳಾದಳು.

ಆ ದೀಪಾವಳಿಯನ್ನು ಸರಳವಾಗಿಯೇ ಕಳೆದೆವು. ಪಾಡ್ಯದ ದಿನ ಹೊಸ ಕೀರ್ದಿಯ ಪೂಜೆ ಮುಗಿಸಿದ ಮೇಲೆ ಬೆಂಗಳೂರಿನಿಂದ ಬಂದಿದ್ದ ಮಗ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. "ಅಪ್ಪಾ, ಎರಡು ಸಿಮ್ಮಿನ ಒಳ್ಳೆಯ ಫೋನು ತೊಗೊಳ್ಳೋಣ. ಅಂಗಡಿಯದನ್ನು ಆರಿಸಿದರೂ ಮನೆಯದು ಎಚ್ಚರ ಇರಲಿ" ಎಂದ. ಹಳೆಯ ಪ್ರಯತ್ನಗಳಿಂದ ಬೇಸತ್ತಿದ್ದ ನನಗೆ ನಂಬಿಕೆಯಿರಲಿಲ್ಲ. ಆದರೆ ಅವನ ಮುಖ ನೋಡಿ ಸುಮ್ಮನೆ ಹೊರಟೆ.

ಅಂಗಡಿಯ ಹುಡುಗ ಒಂದರ ಹಿಂದೊಂದು ಫೋನುಗಳನ್ನು ತೋರಿಸಿ ಚಿತ್ರ ತೆಗೆಯುವ ಶಕ್ತಿಯನ್ನೇ ವರ್ಣಿಸತೊಡಗಿದ. ನನಗೆ ಬೇಕಾದದ್ದು ಬೇರೆ. ಮೆಣಸಿನಕಾಯಿ ಪೇಟೆಯ ಗದ್ದಲದಲ್ಲಿಯೂ ಕೇಳುವ ಗಂಟೆ ಬೇಕು. ಎರಡು ಸಿಮ್ಮುಗಳಿಗೆ ಎರಡು ಬೇರೆ ಗಂಟೆ ಇಡಲು ಬರಬೇಕು. ಇದು ಎಲ್ಲ ಫೋನುಗಳಲ್ಲಿ ಇರುತ್ತದೆಂದು ನಾನು ತಿಳಿದಿದ್ದೆ, ಕೆಲವುಗಳಲ್ಲಿ ಇಲ್ಲ, ಅಲ್ಲಿಯೇ ಹಚ್ಚಿ ನೋಡಬೇಕು. ಕೆಲವು ಫೋನುಗಳಲ್ಲಿ ಎರಡನೆಯ ಸಿಮ್ಮಿನ ಜಾಗವೂ ನೆನಪಿನ ಚೀಟಿಯ ಜಾಗವೂ ಒಂದೇ; ಒಂದನ್ನಿಟ್ಟರೆ ಇನ್ನೊಂದಕ್ಕೆ ಎಡೆಯಿಲ್ಲ. ಅಂಥದನ್ನು ಬದಿಗಿಟ್ಟೆವು. ನಸುಕಿನಿಂದ ರಾತ್ರಿಯವರೆಗೆ ತಾಳುವ ಬ್ಯಾಟರಿ ಬೇಕೆಂದು ಐದು ಸಾವಿರ ಅಂಕಿಯದನ್ನು ಮಗ ಆರಿಸಿದ. ಎರಡನೆಯ ಸಿಮ್ಮನ್ನು ಚೀಟಿಯಿಲ್ಲದೆ ಫೋನಿನೊಳಗೇ ಬರೆದಿಡುವ ಇ-ಸಿಮ್ ಎಂಬ ಪದ್ಧತಿಯೂ ಉಂಟೆಂದು ಹುಡುಗ ಹೇಳಿದ. ಫೋನು ಕೆಟ್ಟರೆ ಚೀಟಿ ತೆಗೆದು ಗುಮಾಸ್ತನ ಫೋನಿಗೆ ಹಾಕಿ ಪೇಟೆ ಮುಗಿಸಬೇಕಾದ ನನ್ನಂಥವನಿಗೆ ಕೈಗೆ ಸಿಗುವ ಚೀಟಿಯೇ ಲೇಸೆನಿಸಿತು. ಹದಿನಾಲ್ಕು ಸಾವಿರದೊಳಗೆ ವ್ಯವಹಾರ ಮುಗಿಯಿತು. "ಎರಡೂ ಸಿಮ್ ಯಾವಾಗಲೂ ಚಾಲೂ ಇರ್ತಾವ್ರಿ ಅಂಕಲ್" ಎಂದು ಹುಡುಗ ಭರವಸೆ ಕೊಟ್ಟ. ಆ ಭರವಸೆಯ ಮಾತಿಗೆ ಮುಂದೆ ಬರುತ್ತೇನೆ.

ಮನೆಗೆ ಬಂದ ಮೇಲೆ ನಿಜವಾದ ತೊಡಕು ಎದುರಾಯಿತು. ಇಪ್ಪತ್ತು ವರ್ಷ ರೈತರ ಬಾಯಲ್ಲಿ ಉಳಿದ ಹಳೆಯ ಸಂಖ್ಯೆ ಅಂಗಡಿಯದಾಗಿಯೇ ಇರತಕ್ಕದ್ದು. ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಹೊಸ ಸಂಖ್ಯೆ. ಆದರೆ ಆ ಹೊಸ ಸಂಖ್ಯೆಯನ್ನು ಯಾರಿಗೆ ಕೊಡುವುದು? ಮಗ ಒಂದು ನೋಟುಪುಸ್ತಕದ ನಡುವೆ ಗೆರೆ ಎಳೆದು, ಎಡಕ್ಕೆ ಅಂಗಡಿ, ಬಲಕ್ಕೆ ಮನೆ ಎಂದು ಬರೆದು, ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದ. ಸಾವಿರದ ಮೇಲೆ ಹೆಸರುಗಳು. ಮುಂಬಯಿಯ ಖರೀದಿದಾರ ಎಡಕ್ಕೆ, ಅಳಿಯ ಬಲಕ್ಕೆ, ಇಂಥವು ಸುಲಭ. ಕುಂದಗೋಳದ ಕಡೆಯ ಹಿರಿಯ ರೈತರೊಬ್ಬರ ಹೆಸರು ಬಂದಿತು. ಅವರ ತಂದೆ ನಮ್ಮ ಅಜ್ಜನವರಿಗೆ ಬಂಡಿ ತಂದವರು. ಪೇಟೆಯ ಹಿಂದಿನ ರಾತ್ರಿ ಬಂದು ನಮ್ಮ ಅಂಗಡಿಯ ಮಾಳಿಗೆಯಲ್ಲಿ ಮಲಗುತ್ತಿದ್ದರು. ಅವ್ವ ಅವರಿಗೆಲ್ಲ ರೊಟ್ಟಿ, ಝುಣಕ ಕಳಿಸುತ್ತಿದ್ದಳು. ಅವ್ವನ ಕ್ರಿಯಾಸಮಾಧಿಯ ದಿನ ಮೂರು ಬಸ್ಸು ಬದಲಿಸಿ ಬಂದು ಮಣ್ಣು ಹಾಕಿ ಹೋದವರು. "ಎಡಕ್ಕೆ" ಎಂದ ಮಗ, "ಮಾಲು ತರ್ತಾರಲ್ಲಪ್ಪಾ." ನನ್ನ ಬಾಯಿ ಏಳಲಿಲ್ಲ. ನಮ್ಮ ದೂರದ ಸಂಬಂಧಿಕರೊಬ್ಬರ ಹೆಸರು ಬಂದಿತು. ಅವರು ಫೋನು ಮಾಡುವುದು ಕೈಗಡಕ್ಕಾಗಿ ಮಾತ್ರ. "ಇವರನ್ನ ಎಡಕ್ಕ ಬರಿಯಪ್ಪಾ" ಎಂದು ಒಳಗಿನಿಂದ ಶ್ರೀಮತಿಯ ದನಿ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೊರಗೆ ಬಂದು, "ನನ್ನ ಹೆಸರು ಯಾವ ಕಡೆ ಬರೀತೀರಿ? ಹಂಗಾಮಿನ್ಯಾಗ ನೀವು ನನ್ನ ಜೋಡಿ ಮಾತಾಡೂದು ಅಂಗಡಿ ಸುದ್ದಿ ಅಷ್ಟ" ಎಂದಳು. ನಗೆಯ ಮಾತೇ, ಆದರೂ ಪೆನ್ನು ಅಲ್ಲಿಗೇ ನಿಂತಿತು.

ಆ ರಾತ್ರಿ ಬೀರುವಿನಲ್ಲಿ ಬೇರೇನನ್ನೋ ಹುಡುಕುವಾಗ ಅವ್ವನ ಸಣ್ಣ ಫೋನು ಕೈಗೆ ಸಿಕ್ಕಿತು. ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೆವು. ಮಗ ಅದಕ್ಕೆ ಚಾರ್ಜರು ಹಚ್ಚಿದ, ಜೀವ ಬಂದಿತು. ಅದರೊಳಗಿನ ಹೆಸರುಗಳು ಒಟ್ಟು ಮೂವತ್ತನಾಲ್ಕು. ಮೊಮ್ಮಕ್ಕಳು ರಜೆಯಲ್ಲಿ ಹೋದಾಗ ಅವ್ವ ಹೇಳಿದಂತೆ ಬರೆದುಕೊಟ್ಟವು: ಗಿರಣಿ, ಹಾಲು, ಬಳೆ, ಸೊಲ್ಲಾಪುರ (ನನ್ನ ತಂಗಿ), ಎದುರುಮನಿ, ಹಮಾಲರ ಮೇಸ್ತ್ರಿಯ ಹೆಂಡತಿ, ಬೆಳಗಾವಿ ಕೂಸು. ಅವುಗಳ ನಡುವೆ ಕುಂದಗೋಳದ ಅಣ್ಣ. ಕೈಗಡದ ಸಂಬಂಧಿಕರೂ ಇದ್ದರು. ನಾವು ಅರ್ಧ ದಿನ ಕುಳಿತು ಎಳೆಯಲಾಗದ ಗೆರೆಯನ್ನು ಅವ್ವ ಎಂದೋ ಎಳೆದಿಟ್ಟಿದ್ದಳು.

ಹೊಸ ಸಂಖ್ಯೆ ಬೇಡ, ಅವ್ವನ ಸಂಖ್ಯೆಯೇ ಮನೆಯ ಸಂಖ್ಯೆಯಾಗಲಿ ಎಂದೆ.

ಸಿಮ್ ನನ್ನ ಹೆಸರಿನಲ್ಲಿಯೇ ಇದ್ದುದರಿಂದ ಕಾಗದಪತ್ರದ ತೊಂದರೆ ಬರಲಿಲ್ಲ. ತೀರಿಕೊಂಡವರ ಹೆಸರಿನಲ್ಲಿಯೇ ಇದ್ದಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕಾಗುತ್ತಿತ್ತು. ಅದನ್ನು ಮಾಡದೆ ಹಾಗೆಯೇ ಬಳಸುವವರು ನಮ್ಮಲ್ಲಿ ಬಹಳ, ಅದು ತರವಲ್ಲ. ಯಾರ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆಯೆಂಬುದನ್ನು 2023ರಲ್ಲಿ ಸರಕಾರ ಆರಂಭಿಸಿದ ಸಂಚಾರ್ ಸಾಥಿ ಎಂಬ ವ್ಯವಸ್ಥೆಯಲ್ಲಿ ನೋಡಿಕೊಳ್ಳಬಹುದು. ಹಳೆಯ ಚೀಟಿ ದೊಡ್ಡದು, ಹಳೆಯ ಕಾಲದ್ದು; ಹೊಸ ಫೋನಿಗೆ ಹೊಂದುವ ಬದಲಿ ಚೀಟಿ ಮಾಡಿಸಬೇಕಾಯಿತು. ಬದಲಿಸಿದರೆ ಹಳೆಯ ಚೀಟಿಯ ಮೇಲಿನ ಹೆಸರುಗಳು ಹೊಸದಕ್ಕೆ ಬರುವುದಿಲ್ಲವೆಂದು ಮಗ ಮೊದಲೇ ಮೂವತ್ತನಾಲ್ಕನ್ನೂ ನೋಟುಪುಸ್ತಕದ ಬಲಭಾಗದಲ್ಲಿ ಬರೆದುಕೊಂಡ. ಅಂಗಡಿಯ ಸಂಖ್ಯೆಗೆ ವಾಟ್ಸಾಪ್ ಉಂಟು. ಮಾಲಿನ ಚಿತ್ರ, ದರದ ಚೀಟಿ ಎಲ್ಲ ಅದರಲ್ಲಿಯೇ. ಒಂದೇ ಫೋನಿನಲ್ಲಿ ಎರಡು ಸಂಖ್ಯೆಗಳ ವಾಟ್ಸಾಪ್ ಇಡುವ ಅನುಕೂಲ 2023ರ ಅಕ್ಟೋಬರಿನಲ್ಲಿಯೇ ಬಂದಿತ್ತು. ಅವ್ವನ ಸಂಖ್ಯೆಗೆ ಅದು ಬೇಡವೆಂದೆ. ಆಕೆ ಮಾತಾಡಿದವಳು, ಚಿತ್ರ ಕಳಿಸಿದವಳಲ್ಲ.

ಹೊಸ ಚೀಟಿ ಚಾಲೂ ಆದ ಸಂಜೆ, ಸಂತೋಷದಿಂದ ಮೊದಲ ಕರೆಯನ್ನು ಸೊಲ್ಲಾಪುರದ ತಂಗಿಗೆ ಮಾಡಿದೆ. ಆಗ ಏಳು ಗಂಟೆ. ನನಗೆ ಹೊಳೆಯಲೇ ಇಲ್ಲ. ಆಕೆಯ ಫೋನಿನ ಮೇಲೆ "ಅವ್ವ" ಎಂದು ಮೂಡಿತ್ತು. ಕರೆ ಎತ್ತಿದಳು, ಮಾತಾಡಲಿಲ್ಲ. ನಾನು ಎರಡು ಸಲ ಹಲೋ ಎಂದ ಮೇಲೆ ಅಳು ಕೇಳಿಸಿತು. ಆಮೇಲೆ ಬೈಗುಳ. "ನಿನಗ ಬುದ್ಧಿ ಐತಿಲ್ಲೋ ಅಣ್ಣಾ! ಮೊದಲ ಒಂದು ಮಾತು ಹೇಳಬಾರದಾ? ನನ್ನ ಎದಿ ಒಡದಂಗಾತು" ಎಂದು ಫೋನು ಇಟ್ಟಳು. ನಾನು ತಪ್ಪು ಮಾಡಿದೆನೆಂದು ಆ ರಾತ್ರಿಯಿಡೀ ಹಳಹಳಿಸಿದೆ. ಮರುದಿನವೇ ಚೀಟಿ ತೆಗೆಸಿ ಬೇರೆ ಸಂಖ್ಯೆ ಹಾಕಿಸುವುದೆಂದು ಮಗನಿಗೂ ಹೇಳಿದೆ. ಆದರೆ ಬೆಳಿಗ್ಗೆ ಆ ಸಂಖ್ಯೆಗೆ ತಂಗಿಯೇ ಕರೆ ಮಾಡಿದಳು. "ತೆಗಸಬ್ಯಾಡ. ದಿನಾ ಏಳಕ್ಕ ಮಾಡು" ಎಂದಳು, ಅಷ್ಟೆ.

ಇನ್ನು ಅಂಗಡಿಯ ಹುಡುಗನ ಭರವಸೆಯ ಮಾತು. ಡಿಸೆಂಬರಿನಲ್ಲಿ ಪೇಟೆ ಏರತೊಡಗಿತ್ತು. ಒಂದು ಮಧ್ಯಾಹ್ನ ಅಂಗಡಿಯ ಸಂಖ್ಯೆಯಲ್ಲಿ ಗುಂಟೂರಿನ ವ್ಯಾಪಾರಿಯೊಡನೆ ಇಪ್ಪತ್ತು ನಿಮಿಷ ದೀರ್ಘ ಸಂಭಾಷಣೆ ನಡೆದಿತ್ತು. ಅದು ಮುಗಿದ ಕ್ಷಣದಲ್ಲಿ ಶ್ರೀಮತಿ ಅಂಗಡಿಗೇ ಬಂದು ನಿಂತಳು. ಮೊಮ್ಮಗಳಿಗೆ ಜ್ವರ ಏರಿದೆಯೆಂದು ಮಗಳು ಮನೆಯ ಸಂಖ್ಯೆಗೆ ನಾಲ್ಕು ಸಲ ಕರೆ ಮಾಡಿದಳಂತೆ. ನಾಲ್ಕು ಸಲವೂ ನೀವು ಕರೆ ಮಾಡಿದವರು ವ್ಯಾಪ್ತಿಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಫೋನು ನನ್ನ ಕಿವಿಯಲ್ಲಿಯೇ ಇತ್ತು! ಮಗುವಿನ ಜ್ವರ ಎರಡು ದಿನದಲ್ಲಿ ಇಳಿಯಿತು. ನನ್ನ ಕೈನಡುಕ ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬೆಂಗಳೂರಿನ ಮಗ ಕಾರಣವನ್ನು ಬಿಡಿಸಿ ಹೇಳಿದ. ಸಾಮಾನ್ಯವಾಗಿ ಮಾರಾಟವಾಗುವ ಎರಡು ಸಿಮ್ಮಿನ ಫೋನುಗಳಲ್ಲಿ ಗಾಳಿಯ ಅಲೆಗಳನ್ನು ಹಿಡಿದು ಬಿಡುವ ಯಂತ್ರಭಾಗ ಒಂದೇ ಇರುತ್ತದೆ. ಯಾರೂ ಮಾತಾಡದಿರುವಾಗ ಅದು ಎರಡೂ ಸಂಖ್ಯೆಗಳನ್ನು ಸರದಿಯ ಮೇಲೆ ಕಾಯುತ್ತದೆ. ಒಂದರಲ್ಲಿ ಮಾತು ಆರಂಭವಾಯಿತೆಂದರೆ ಇನ್ನೊಂದು ಕತ್ತಲೆಗೆ ಬೀಳುತ್ತದೆ. ಎರಡು ಬಾಗಿಲಿಗೆ ಒಬ್ಬನೇ ಕಾವಲುಗಾರನಿದ್ದಂತೆ. ಇದಕ್ಕೆ ಡ್ಯುಯಲ್ ಸ್ಟ್ಯಾಂಡ್‌ಬೈ ಎಂದು ಹೆಸರು. ಎರಡಕ್ಕೂ ಬೇರೆ ಬೇರೆ ಯಂತ್ರಭಾಗವಿರುವ ಡ್ಯುಯಲ್ ಆಕ್ಟಿವ್ ಫೋನುಗಳು ಉಂಟು, ಆದರೆ ಅವು ಹೆಚ್ಚು ಬ್ಯಾಟರಿ ತಿನ್ನುತ್ತವೆ, ಬೆಲೆಯೂ ಹೆಚ್ಚು. ಇತ್ತೀಚಿನ ಕೆಲವು ಫೋನುಗಳಲ್ಲಿ ಒಂದು ಸಿಮ್ಮಿನ ಮಾತಿನ ನಡುವೆಯೂ ಇನ್ನೊಂದರ ಕರೆಯನ್ನು ಮೊದಲನೆಯದರ ಇಂಟರ್ನೆಟ್ಟಿನ ಮೂಲಕ ತರಿಸಿಕೊಳ್ಳುವ ಏರ್ಪಾಡು ಇದೆ. ಅದು ಕಂಪನಿಯ ಒಪ್ಪಿಗೆಯಿದ್ದರೆ ಮಾತ್ರ ನಡೆಯುತ್ತದೆ. ನನ್ನ ಫೋನಿನಲ್ಲಿ ಆ ಗುಂಡಿ ಇತ್ತು. ಒತ್ತಿ, ಶ್ರೀಮತಿಯನ್ನು ಅಡಿಗೆಮನೆಯಲ್ಲಿ, ಗುಮಾಸ್ತನನ್ನು ಹಿತ್ತಲಲ್ಲಿ ನಿಲ್ಲಿಸಿ ಇಬ್ಬರಿಂದಲೂ ಒಂದೇ ಹೊತ್ತಿಗೆ ಕರೆ ಮಾಡಿಸಿ ಪರೀಕ್ಷಿಸಿದೆವು. ಹತ್ತಕ್ಕೆ ಆರು ಸಲ ಕೂಗಿತು. ಆರು ಸಾಲದು.

ಕೊನೆಗೆ ಉಪಯೋಗಕ್ಕೆ ಬಂದದ್ದು ಹಳೆಯ ಉಪಾಯವೇ. ಮನೆಯ ಸಂಖ್ಯೆ ಸಿಗದಿದ್ದರೆ ಕರೆ ತಾನಾಗಿ ಶ್ರೀಮತಿಯ ಫೋನಿಗೆ ಹೋಗುವಂತೆ, ಅಂಗಡಿಯದು ಸಿಗದಿದ್ದರೆ ಗುಮಾಸ್ತನಿಗೆ ಹೋಗುವಂತೆ ತಿರುವು ಹಾಕಿಸಿದೆವು. ಮುಂದೆ 2024ರ ಏಪ್ರಿಲ್ 15ರಿಂದ, ಚಿಹ್ನೆ-ಅಂಕಿಗಳ ಗುಪ್ತಸಂಖ್ಯೆ ಒತ್ತಿ ಕರೆ ತಿರುಗಿಸುವ ಪದ್ಧತಿಯನ್ನು ವಂಚಕರು ದುರುಪಯೋಗ ಮಾಡುತ್ತಿರುವರೆಂದು ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತು. ಬೇರೆ ವಿಧಾನದಿಂದ ಮತ್ತೆ ಮಾಡಿಸಿಕೊಂಡೆವು. ಅಪರಿಚಿತರು ಫೋನು ಮಾಡಿ ಇಂಥ ಅಂಕಿಗಳನ್ನು ಒತ್ತಿರೆಂದರೆ ನಮ್ಮ ಮನೆಗಳ ಹಿರಿಯರು ಯಾವ ಕಾರಣಕ್ಕೂ ಒತ್ತಬಾರದು. ಒತ್ತಿದರೆ ನಮ್ಮ ಕರೆಗಳು, ಬ್ಯಾಂಕಿನವರು ಕರೆಯ ಮೂಲಕ ಹೇಳುವ ಗುಪ್ತಸಂಖ್ಯೆ ಸಹ, ಅವರ ಮನೆಗೆ ಹೋಗಿ ಕೂಡುತ್ತವೆ.

ಈಗ ರಾತ್ರಿ ಒಂಬತ್ತಕ್ಕೆ ಅಂಗಡಿಯ ಸಿಮ್ಮನ್ನು ಆರಿಸುತ್ತೇನೆ, ಪೇಟೆಯ ಹಿಂದಿನ ರಾತ್ರಿಗಳನ್ನು ಬಿಟ್ಟು. ಅಂದು ಲಾರಿಗಳು ಬರುತ್ತಿರುತ್ತವೆ, ದಾರಿ ಕೇಳುವವರಿರುತ್ತಾರೆ. ಬೆಳಗಿನ ಪೂಜೆಯ ಹೊತ್ತಿನಲ್ಲಿಯೂ ಅದು ಆರಿರುತ್ತದೆ. ಮನೆಯ ಸಂಖ್ಯೆಯನ್ನು ಮಾತ್ರ ಎಂದೂ ಆರಿಸಿಲ್ಲ. ಮೊದಲ ಹದಿನೈದು ರಾತ್ರಿ ಆ ಶಾಂತಿಯೇ ನಿದ್ದೆಗೆಡಿಸಿತು. ಎದ್ದೆದ್ದು ಫೋನು ನೋಡುತ್ತಿದ್ದೆ. ದರ ಕೇಳಲು ಬೆಳಿಗ್ಗೆ ಏಳರವರೆಗೆ ಕಾಯಬೇಕಾದ ರೈತರು ಸಿಟ್ಟಾಗುತ್ತಾರೆಂದು ಹೆದರಿದ್ದೆ. ಒಬ್ಬಿಬ್ಬರು ಆದರು. ಉಳಿದವರು, "ಸಾವಕಾರ್ರು ಈಗ ಮಲಗಾಕ ಕಲತಾರ" ಎಂದು ನಕ್ಕರು.

ಅವ್ವನ ಸಂಖ್ಯೆ ಮೂವತ್ತನಾಲ್ಕು ಜನರಲ್ಲಿಯೇ ಉಳಿದಿದೆಯೆಂದು ಹೇಳಲಾರೆ. ಬಳೆಯವರಿಂದ ಅವರ ತಮ್ಮನಿಗೆ, ಮೇಸ್ತ್ರಿಯ ಹೆಂಡತಿಯಿಂದ ನಾಲ್ವರು ಹಮಾಲರಿಗೆ ಹೋಗಿದೆ. 2025ರ ಫೆಬ್ರುವರಿಯಲ್ಲಿ ಒಂದು ನಡುರಾತ್ರಿ ಅದು ಕೂಗಿತು. ಮೋಟೆಬೆನ್ನೂರಿನ ಹತ್ತಿರ ಚೀಲ ತುಂಬಿದ ಗಾಡಿಯೊಂದು ಮಗುಚಿತ್ತು. ಕರೆ ಮಾಡಿದ ಹುಡುಗನಿಗೆ ಸಂಖ್ಯೆ ಕೊಟ್ಟವರು ಕುಂದಗೋಳದ ಹಿರಿಯರು. ಹೋಗಿ ಅವರನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದೆ, ಗಾಯ ಹೆಚ್ಚಿರಲಿಲ್ಲ. ಮುಂದಿನ ಪೇಟೆಗೆ ಆ ಹಿರಿಯರು ಬಂದಾಗ, ನೀವೇಕೆ ನನಗೆ ಎಂದೂ ಅಂಗಡಿಯ ಸಂಖ್ಯೆಗೆ ಕರೆ ಮಾಡುವುದಿಲ್ಲವೆಂದು ಕೇಳಿದೆ. "ಅಂಗಡೀದಕ್ಕ ಹಚ್ಚಿದ್ರ ನೀವು ರೇಟ್ ಹೇಳ್ತೀರಿ, ಅವ್ವಾರದಕ್ಕ ಹಚ್ಚಿದ್ರ ಊಟಾತೇನು ಅಂತ ಕೇಳ್ತೀರಿ" ಎಂದರು. ಹಾಗೆ ಕೇಳುತ್ತೇನೆಂಬುದು ನನಗೇ ಗೊತ್ತಿರಲಿಲ್ಲ.

ಎರಡನೆಯ ಸಿಮ್ಮಿಗೆ ಖರ್ಚು ಉಂಟು. 2018ರ ಕೊನೆಯಿಂದ ಬರಿಯ ಒಳಕರೆಗಾಗಿಯಾದರೂ ಕನಿಷ್ಠ ದುಡ್ಡು ತುಂಬಲೇಬೇಕೆಂದು ಕಂಪನಿಗಳು ನಿಯಮ ಮಾಡಿದವು. ಇಂಟರ್ನೆಟ್ಟು ಬೇಡದವರಿಗೆ ಮಾತು ಮತ್ತು ಸಂದೇಶ ಮಾತ್ರವಿರುವ ಯೋಜನೆ ಕೊಡಬೇಕು, ಅದರ ಅವಧಿ ಒಂದು ವರ್ಷದವರೆಗೂ ಇರಬಹುದು ಎಂದು 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ವಿಧಿಸಿದ ಮೇಲೆ ಅವ್ವನ ಸಂಖ್ಯೆಗೆ ಅಂಥದನ್ನೇ ಹಾಕಿಸಿದ್ದೇನೆ. ತುಂಬದೆ ಬಿಟ್ಟರೆ ಕೆಲವು ತಿಂಗಳಲ್ಲಿ ಸಂಖ್ಯೆ ಬೇರೆಯವರಿಗೆ ಹೋಗುತ್ತದೆ. ಯಾರೋ ಅಪರಿಚಿತರ ಕೈಯಿಂದ ನನ್ನ ತಂಗಿಯ ಫೋನಿನ ಮೇಲೆ ಆ ಹೆಸರು ಮೂಡುವುದನ್ನು ನಾನು ಊಹಿಸಲಾರೆ.

ಕಳೆದ ಸಲ ಅವಧಿ ಮುಗಿಯಲು ಬಂದಿದೆಯೆಂಬ ಸಂದೇಶ ಬಂದಾಗ ಅಂಗಡಿಯಲ್ಲಿಯೇ ಇದ್ದೆ. ಗುಮಾಸ್ತನಿಗೆ ದುಡ್ಡು ಕೊಟ್ಟು ತುಂಬಿಸಿಕೊಂಡು ಬಾರೆಂದೆ. ಬಂದವನು ಕೀರ್ದಿ ತೆಗೆದು, ಇದನ್ನು ಯಾವ ಬಾಬಿಗೆ ಬರೆಯಲಿ, ದೂರವಾಣಿ ಖರ್ಚಿಗೋ ಎಂದು 물ಕೇಳಿದ. ಮನೆಖರ್ಚಿಗೆ ಬರೆ ಎಂದೆ.